ಉತ್ತಮ ಪುರುಷ, ಏಕವಚನ

ಮೊದಲ ನಿಯಮ: ನೀನು ಅಲ್ಲಿ ಇಲ್ಲ.
ಅವರು ನಾನು ಅಂದರೆ ನೀನೂ ನಾನು ಅನ್ನಬೇಕು.
'ರಾತ್ರಿ ಮಕ್ಕೊಳ್ಳಾಕ ಆಗವಲ್ದು' ಅಂದರು ಯಮನೂರಪ್ಪ.
ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳಿದೆ:
ರಾತ್ರಿ ನನಗೆ ಮಲಗಲು ಆಗುತ್ತಿಲ್ಲ,
ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತೇನೆ.

ಡ್ಯಾಂಡೆನಾಂಗ್. ಜುಲೈ ತಿಂಗಳ ಚಳಿ.
ನರ್ಸು ಬಾಗಿಲಲ್ಲಿ ನಿಂತು, ಹೆಸರಿನ ಅರ್ಧಕ್ಕೇ ಸುಸ್ತಾಗಿ
'ಮಿಸ್ಟರ್ ಯಮ' ಎಂದು ಕೂಗಿದಾಗ
ಅವರು ನಕ್ಕಿದ್ದರು, ನಕ್ಕಿದ್ದಕ್ಕೆ ಕೆಮ್ಮಿದ್ದರು,
ಕೆಮ್ಮು ಮುಗಿಯಲಿ ಎಂದು ಕಾರಿಡಾರೇ ಕಾದಿತ್ತು.
'ಬರಬೇಕಾದಾಂವ ಬಂದಾನ ಅಂತ ಹೇಳ್ರಿ ಅಕಿಗೆ.'
ಇದೊಂದನ್ನು ನಾನು ಅನುವಾದಿಸಲಿಲ್ಲ.

ಕೆಲಸ?
ಅಡಿಗೆಮನೆ ಕಟ್ಟೆಗಳಿಗೆ ಕಲ್ಲು ಕೊಯ್ಯುವುದು.
ಎಷ್ಟು ವರ್ಷ? ಏಳು.
ಎಂಥ ಕಲ್ಲು?
'ಅದು ಕಲ್ಲಲ್ರಿ. ಕಲ್ಲಿನ ಹಿಟ್ಟಿಗೆ ಅಂಟು ಕಲಸಿ ಹಚ್ಚು ಹಾಕಿದ್ದು.
ನಮ್ಮಪ್ಪ ಇಳಕಲ್ಲಿನ್ಯಾಗ ಬೀಸೋಕಲ್ಲಿಗೆ ಉಳಿ ಹಾಕಾಂವ.
ಖರೆ ಕಲ್ಲು ಬಡದ್ರ ಗಂಟಿ ಹಂಗ ಸಪ್ಪಳ ಬರತೈತಿ.
ಇದಕ್ಕ ದನೀನ ಇಲ್ಲ.'
ಕಲ್ಲಿಗೆ ದನಿ. ಇಂಗ್ಲಿಷಿನಲ್ಲಿ ಅದು ತುಸು ಹುಚ್ಚಾಗಿ ಕೇಳಿಸಿತು.
ಡಾಕ್ಟರ್ ಹ್ಯಾಲೊರನ್ ಟೈಪು ಮಾಡಿದ್ದು ಇಷ್ಟೇ:
ಕೃತಕ ಕಲ್ಲು, ಏಳು ವರ್ಷ.

ನೀರು ಬಿಟ್ಟುಕೊಂಡು ಕೊಯ್ಯುತ್ತಿದ್ದಿರಾ?
'ಪೈಪು ಇತ್ತು. ಒಡದಿತ್ತು.'
ಮಾಸ್ಕು?
'ಕಾಗದದ್ದು. ವಾರಕ್ಕೊಂದು.'
ಧೂಳು?
ಅವರು ಡಾಕ್ಟರನ್ನು ಮರೆತು ನನ್ನ ಕಡೆ ತಿರುಗಿದರು:
'ಅಕ್ಕಾರ, ಗಿರಣ್ಯಾಗ ಜ್ವಾಳ ಬೀಸಾಂವ ಹೆಂಗ ಇರ್ತಾನ?
ರೆಪ್ಪಿ, ಕಿವಿ, ಮೀಸಿ ಎಲ್ಲಾ ಬೆಳ್ಳಗ. ಹಂಗ.
ಮನಿಗೆ ಹ್ವಾದ್ರ ಸಣ್ಣ ಮಗಳು
ಅಜ್ಜ ಬಂದ, ಅಜ್ಜ ಬಂದ ಅಂತಿದ್ಲು.'

ಪರದೆಯ ಮೇಲೆ ಎರಡು ಶ್ವಾಸಕೋಶ.
ಚುಕ್ಕಿ, ಚುಕ್ಕಿ, ಚುಕ್ಕಿ,
ರಂಗೋಲಿ ಇಡಲು ಕೂತವಳು
ಗೆರೆ ಎಳೆಯದೆ ಎದ್ದು ಹೋದ ಹಾಗೆ.
ಡಾಕ್ಟರು ಕಾಯಿಲೆಯ ಹೆಸರು ಹೇಳಿ
ಅದರ ಹಿಂದೆಯೇ 'ಪ್ರೊಗ್ರೆಸಿವ್' ಅಂದರು.
ನನ್ನ ನಾಲಿಗೆಗೆ ಬಂದದ್ದು ಪ್ರಗತಿಪರ.
ಪ್ರಗತಿಪರ ರೈತ, ಪ್ರಗತಿಪರ ಚಿಂತಕ.
ನುಂಗಿಕೊಂಡೆ.
'ಬೆಳೀತಾ ಹೋಗುತ್ತೆ' ಅಂದೆ.
ಪೈರಿಗೆ, ಮಗುವಿಗೆ, ಚಂದ್ರನಿಗೆ ಬಳಸುವ ಕ್ರಿಯಾಪದ.
ಆ ಹೊತ್ತಿಗೆ ಬೇರೆ ಸಿಗಲಿಲ್ಲ.

'ಕೆಲಸ ಬಿಟ್ರೂ?'
ನಾನು ಕೇಳಿದೆ: ನಾನು ಕೆಲಸ ಬಿಟ್ಟರೂ?
ಬಿಟ್ಟರೂ.

'ಒಳಗೆ ಗಾಯ ಮಾಯ್ದು, ಹಾಗೇ ಗಟ್ಟಿಯಾಗಿ, ಅಂದ್ರೆ, ಸ್ವಲ್ಪ...'
ಕಲ್ಲೆದೆಯವನೆ ಎಂದು ಬೈಯುವ ಭಾಷೆಯಲ್ಲಿ
ತಡವರಿಸುತ್ತಿದ್ದೆ.
'ಎದಿ ಕಲ್ಲಾಗೇತಿ ಅನ್ರಿ,' ಅವರೇ ಅಂದರು,
'ಯಾಕ ಅಂಜತೀರಿ.'

ಆಮೇಲೆ ಅವರಿಗೆ ಮಾತು ಬಂತು.
ಅದೇ ಮಶೀನಿನ ಮೇಲೆ ಈಗ ಹೆಂಡತಿಯ ತಮ್ಮ, ಪರಸಪ್ಪ.
ಅವನ ವೀಸಾ ಮಾಲೀಕನ ಕೈಯಲ್ಲಿ, ಅವನು ಎಲ್ಲೂ ಬಾಯಿ ಬಿಡುವುದಿಲ್ಲ.
'ಸರಕಾರ ಆ ಕಲ್ಲು ಬಂದ್ ಮಾಡೇತಂತ.
ಆದ್ರ ಮನಿಮನ್ಯಾಗ ಹಾಕಿದ್ದು ಹಂಗ ಇರ್ತಾವಂತ.
ನನ್ನೊಳಗಿಂದೂ ಹಂಗ ಏನ್ರಿ?'
ಡಾಕ್ಟರು ತಲೆಯಾಡಿಸಿದರು.
ತಲೆಯಾಡಿಸಿದ್ದಕ್ಕೆ ಅನುವಾದ ಬೇಡ.

ಬೇರೆ ಪ್ರಶ್ನೆ?
ಎದ್ದು ನಿಂತವರು ಮತ್ತೆ ಕೂತರು.
'ಅಂಗಿ ಅಕೀನ ಒಗೀತಿದ್ಲು.
ಬಾಗಿಲದಾಗ ನಿಂತು ಝಾಡಿಸಿ, ಆಮ್ಯಾಲ ಒಗೀತಿದ್ಲು.'
ನಿಯಮದ ಪ್ರಕಾರ ನಾನು ಹೇಳಿದೆ:
ನನ್ನ ಅಂಗಿಗಳನ್ನು ನನ್ನ ಹೆಂಡತಿ
ಬಾಗಿಲಲ್ಲಿ ನಿಂತು ಝಾಡಿಸುತ್ತಿದ್ದಳು.
ಕೀಬೋರ್ಡಿನ ಸದ್ದು ನಿಂತಿತು.
ಆಕೆಯನ್ನೂ ಕರೆತನ್ನಿ, ಸೋಮವಾರ.

ಲಿಫ್ಟಿನ ಮುಂದೆ ಕೇಳಿದರು,
'ಅಕ್ಕಾರ, ನಿಮ್ಮದು ಯಾವ ಊರ್ರಿ?'
ಎರಡನೆಯ ನಿಯಮ: ಸ್ವಂತದ್ದು ಏನೂ ಹೇಳಬಾರದು.
ಚಾಮರಾಜನಗರ ಅಂದೆ.
'ಹೌದೇನ್ರಿ! ಕರಿಕಲ್ಲಿನ ಊರು.'
ಒಂದು ಮೆಟ್ಟಿಲೂ ಹತ್ತದೆ ಅವರಿಗೆ ತೇಕು ಬಂದಿತ್ತು.
'ಬಡದ್ರ ಸಪ್ಪಳ ಹೆಂಗ ಬರತೈತ್ರಿ, ಆ ಕಲ್ಲಿಗೆ?'

ನನಗೆ ಗೊತ್ತಿರಲಿಲ್ಲ.